ಎಲೆಯಡಿಯ ಜೇಡನುಸಿ: ಔಷಧಿ ಹೊಡೆದಷ್ಟೂ ಜಾಸ್ತಿಯಾಗುವುದು ಯಾಕೆ, ನಿಲ್ಲಿಸುವುದು ಹೇಗೆ

ಶಿವರಾತ್ರಿ ಕಳೆದು ಬಿಸಿಲು ಏರಿದರೆ ಸಾಕು, ನನಗೆ ಒಂದೇ ಥರದ ಫೋಟೊಗಳು ಬರಲು ಶುರುವಾಗುತ್ತವೆ. ಬದನೆ ಎಲೆ, ಬೆಂಡೆ ಎಲೆ, ಗುಲಾಬಿ ಎಲೆ. ಮೇಲೆಲ್ಲ ಸಣ್ಣ ಸಣ್ಣ ಬಿಳಿ ಚುಕ್ಕೆ, ರವೆ ಚೆಲ್ಲಿದ ಹಾಗೆ. ಕೆಳಗೊಂದು ಸಾಲು: "ಔಷಧಿ ಹೊಡೆದೆ, ಕಡಿಮೆ ಆಗಲಿಲ್ಲ, ಇನ್ನೂ ಜಾಸ್ತಿ ಆಯ್ತು. ಏನು ಮಾಡಲಿ?"

ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಇಲ್ಲಿ ಎಲ್ಲವನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ತಾರಸಿ, ಬಾಲ್ಕನಿ, ಹಿತ್ತಲಲ್ಲಿ ಗಿಡ ಬೆಳೆಸುವವರಿಗಾಗಿ ಬರೆದದ್ದು ಇದು. ಎಕರೆಗಟ್ಟಲೆ ಬೆಳೆದವರಿಗೆ ಲೆಕ್ಕಾಚಾರ ಬೇರೆ. ನೀವು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಕೃಷಿ ವಿಜ್ಞಾನ ಕೇಂದ್ರಕ್ಕೋ ಒಂದು ಎಲೆ ಹಿಡಿದುಕೊಂಡು ಹೋಗಿ.

ಮೊದಲು ಹೆಸರಿನ ಗೊಂದಲ ಬಿಡಿಸೋಣ

ನಮ್ಮಲ್ಲಿ "ನುಸಿ" ಅನ್ನುವ ಒಂದೇ ಪದಕ್ಕೆ ಮೂರು ನಾಲ್ಕು ಅರ್ಥ. ಅಂಗಡಿಯವರು ಥ್ರಿಪ್ಸ್ ಅನ್ನುವ ಸಣ್ಣ ಕೀಟಕ್ಕೂ ನುಸಿ ಅನ್ನುತ್ತಾರೆ, ಜೇಡದ ಬಳಗದ ಮೈಟ್ಸಿಗೂ ನುಸಿ ಅನ್ನುತ್ತಾರೆ. ತೆಂಗಿನಕಾಯಿ ಮೇಲೆ ಕಂದು ಕಲೆ ಮಾಡುತ್ತದಲ್ಲ, ಅದೂ ನುಸಿಯೇ. ಮೆಣಸಿನ ಗಿಡದ ಚಿಗುರು ಮುದುಡುವ ಮುಟುರು ರೋಗದ ಹಿಂದೆಯೂ ಬೇರೆ ಒಂದು ನುಸಿ ಇರುತ್ತದೆ. ಇವ್ಯಾವುವೂ ಇವತ್ತಿನ ವಿಷಯ ಅಲ್ಲ.

ಇವತ್ತಿನದು ಜೇಡನುಸಿ. ಇದು ಕೀಟವೇ ಅಲ್ಲ. ಕೀಟಕ್ಕೆ ಆರು ಕಾಲು, ಇದಕ್ಕೆ ಎಂಟು. ಜೇಡ, ಚೇಳು, ಉಣ್ಣೆಗಳ ಬಳಗ. ಜೇಡದ ಹಾಗೆ ನವಿರಾದ ನೂಲು ಬಿಡುತ್ತದೆ, ಅದಕ್ಕೇ ಆ ಹೆಸರು. ಗಾತ್ರ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ, ಅಂದರೆ ರಾಗಿ ಕಾಳಿನ ಮೂರನೇ ಒಂದು ಭಾಗ ಅನ್ನಿ. ಹೆಚ್ಚಾಗಿ ಕಾಣುವ ಜಾತಿಗೆ ಬೆನ್ನಿನ ಎರಡೂ ಬದಿ ಒಂದೊಂದು ಕಪ್ಪು ಮಚ್ಚೆ ಇರುತ್ತದೆ. ಪೂರ್ತಿ ಕೆಂಪಗಿರುವ ಜಾತಿಗಳೂ ಇವೆ.

ಕೀಟ ಅಲ್ಲ ಅನ್ನುವುದು ಬರೀ ಪುಸ್ತಕದ ಮಾತಲ್ಲ. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ. ಬಹಳಷ್ಟು ಕೀಟನಾಶಕಗಳಿಗೆ ಇದು ಸಾಯುವುದಿಲ್ಲ. ಆದರೆ ಇದನ್ನು ತಿಂದು ಬದುಕುವ ಒಳ್ಳೆಯ ಹುಳುಗಳು ಅದೇ ಔಷಧಿಗೆ ಸಾಯುತ್ತವೆ. ಮನೆ ಕಾಯುವವರನ್ನು ನಾವೇ ಓಡಿಸಿ ಬಾಗಿಲು ತೆರೆದಿಟ್ಟ ಹಾಗೆ. ನಾನೂ ಒಮ್ಮೆ ಬೆಂಡೆ ಗಿಡಕ್ಕೆ "ನುಸಿಗೆ ಔಷಧಿ ಕೊಡಿ" ಅಂತ ಕೇಳಿ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ತಂದು ಹೊಡೆದೆ. ಎರಡು ವಾರಕ್ಕೆ ಗಿಡದ ತುದಿಗೆ ಬಲೆ ಕಟ್ಟಿತ್ತು. ತಪ್ಪು ಅಂಗಡಿಯವರದ್ದಲ್ಲ, ಯಾವ ನುಸಿ ಅಂತ ನಾನೇ ಹೇಳಿರಲಿಲ್ಲ. ಈ ಔಷಧಿ ಬಿದ್ದ ಗಿಡದಲ್ಲಿ ಜೇಡನುಸಿ ಇನ್ನೂ ಹೆಚ್ಚುವುದು ಪ್ರಯೋಗಗಳಲ್ಲೂ ಕಂಡಿದೆ. ಸೈಪರ್‌ಮೆಥ್ರಿನ್‌ನಂಥ ಔಷಧಿಗಳ ಕಥೆಯೂ ಅದೇ.

ಏನೇನು ಬೇಕು

ಒಂದು ಬಿಳಿ ಕಾಗದ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದ ಜೂಮ್. ನೀರಿನ ಪೈಪು. ಕೈಯಲ್ಲಿ ಒತ್ತಡ ತುಂಬಿಸುವ ಒಂದು ಅಥವಾ ಎರಡು ಲೀಟರಿನ ಸ್ಪ್ರೇ ಪಂಪು. ಇದರ ಮೂತಿ ಮೇಲ್ಮುಖ ಮಾಡಲು ಬರಬೇಕು, ಅದು ಮುಖ್ಯ. ಬೇವಿನ ಎಣ್ಣೆ, ಸೌಮ್ಯವಾದ ದ್ರವ ಸೋಪು, ಕತ್ತರಿ, ಒಂದು ಪ್ಲಾಸ್ಟಿಕ್ ಚೀಲ. ಮತ್ತೆ ಎರಡು ವಾರದ ತಾಳ್ಮೆ. ಕೊನೆಯದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಹಂತ 1: ಅದೇ ಹೌದಾ ಅಂತ ಖಚಿತ ಮಾಡಿಕೊಳ್ಳಿ

ಚುಕ್ಕೆ ಬಿದ್ದ ಎಲೆಯ ಕೆಳಗೆ ಬಿಳಿ ಕಾಗದ ಹಿಡಿಯಿರಿ. ಎಲೆಯನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಧೂಳಿನಂಥ ಕಣಗಳು ಬೀಳುತ್ತವೆ. ಈಗ ಕಾಗದವನ್ನು ಅಲ್ಲಾಡಿಸದೆ ಅರ್ಧ ನಿಮಿಷ ಸುಮ್ನೆ ನೋಡುತ್ತಾ ಇರಿ. ಧೂಳು ಬಿದ್ದಲ್ಲೇ ಇರುತ್ತದೆ. ನುಸಿ ನಡೆಯುತ್ತದೆ. ಮೆಲ್ಲಗೆ, ದಿಕ್ಕು ತಪ್ಪಿದವರ ಹಾಗೆ.

ಕಾಗದದ ಮೇಲೆ ಕೆಲವು ಕಣಗಳು ತುಂಬಾ ಜೋರಾಗಿ ಓಡುತ್ತಿದ್ದರೆ ಸ್ವಲ್ಪ ತಡೆಯಿರಿ. ಮೈ ಹೊಳೆಯುತ್ತಾ ಚುರುಕಾಗಿ ಓಡಾಡುವವು ಪರಭಕ್ಷಕ ನುಸಿಗಳಿರಬಹುದು. ಅಂದರೆ ಜೇಡನುಸಿಯನ್ನೇ ಹಿಡಿದು ತಿನ್ನುವ ನುಸಿಗಳು. ಅವು ನಿಮ್ಮ ಕಡೆಯವು.

ಆಮೇಲೆ ಎಲೆಯನ್ನು ಮಗುಚಿ ನೋಡಿ. ನಡುವಿನ ನರದ ಅಕ್ಕಪಕ್ಕ ಭೂತಗನ್ನಡಿ ಹಿಡಿದರೆ ಗಾಜಿನ ಮಣಿಯಂಥ ದುಂಡನೆ ಮೊಟ್ಟೆಗಳು, ಬಿಳಿ ಪೊರೆಗಳು, ಓಡಾಡುವ ನುಸಿಗಳು ಮೂರೂ ಒಟ್ಟಿಗೆ ಕಾಣುತ್ತವೆ. ಪೊರೆ ಅಂದರೆ ಬೆಳೆಯುವಾಗ ಕಳಚಿದ ಚರ್ಮ. ಹಾವಿನ ಪೊರೆಯ ಹಾಗೇ.

ಕಾಗದದ ಮೇಲೆ ಬಿದ್ದದ್ದು ಉದ್ದಕ್ಕೆ, ಕಡ್ಡಿಯ ಚೂರಿನಂತಿದ್ದರೆ ಅದು ಥ್ರಿಪ್ಸ್. ಎಲೆಯಡಿಯಿಂದ ಬಿಳಿ ಪುಟಾಣಿಗಳು ಹಾರಿದರೆ ಬಿಳಿ ನೊಣ. ಎಲೆ ಅಂಟಂಟಾಗಿದ್ದರೆ ಸಸ್ಯಹೇನೋ ಹಿಟ್ಟು ತಿಗಣೆಯೋ ಇರಬೇಕು. ಜೇಡನುಸಿ ಅಂಟು ಬಿಡುವುದಿಲ್ಲ.

ಎಲೆಯ ಮೇಲಿನ ಚುಕ್ಕೆ ಏನು ಅಂತ ಕೇಳುವವರಿಗೆ: ನುಸಿ ಸೂಜಿಯಂಥ ಬಾಯಿಯನ್ನು ಎಲೆಗೆ ಚುಚ್ಚಿ ಹಸಿರನ್ನು ಹೀರುತ್ತದೆ. ಖಾಲಿಯಾದ ಜಾಗ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆ ಮತ್ತೆ ಹಸಿರಾಗುವುದಿಲ್ಲ. ಇದನ್ನು ನೆನಪಿಡಿ. ನುಸಿ ಹೋದ ಮೇಲೂ ಹಳೆಯ ಎಲೆ ಹಾಗೇ ಇರುತ್ತದೆ, ಅದನ್ನು ನೋಡಿ "ಇನ್ನೂ ಹೋಗಿಲ್ಲ" ಅಂತ ಮತ್ತೆ ಮತ್ತೆ ಹೊಡೆಯುವವರೇ ಜಾಸ್ತಿ.

ಹಂತ 2: ಗಿಡವನ್ನು ಬೇರೆ ಮಾಡಿ, ಕೆಟ್ಟ ಎಲೆ ತೆಗೆಯಿರಿ

ಕುಂಡವಾದರೆ ಉಳಿದ ಗಿಡಗಳಿಂದ ದೂರ ಇಡಿ. ಎಲೆಗೆ ಎಲೆ ತಾಗುವಂತಿದ್ದರೆ ನುಸಿ ನಡೆದೇ ದಾಟುತ್ತದೆ. ಬಲೆ ಕಟ್ಟಿದ ತುದಿಗಳಿಂದ ಗಾಳಿಯಲ್ಲೂ ತೇಲಿ ಹೋಗುತ್ತದೆ. ನಿಮ್ಮ ಬಟ್ಟೆ, ಕೈ, ಕತ್ತರಿಗೂ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲು ಚೆನ್ನಾಗಿರುವ ಗಿಡಗಳ ಕೆಲಸ ಮುಗಿಸಿ, ನುಸಿ ಬಿದ್ದ ಗಿಡವನ್ನು ಕೊನೆಗೆ ಮುಟ್ಟಿ.

ಪೂರ್ತಿ ಬಿಳಿಚಿದ, ಬಲೆ ಕಟ್ಟಿದ ಎಲೆಗಳನ್ನು ಕತ್ತರಿಸಿ ನೇರವಾಗಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಗಿಡದ ಬುಡದಲ್ಲಿ ಉದುರಿಸಬೇಡಿ, ಗೊಬ್ಬರದ ಗುಂಡಿಗೂ ಬೇಡ. ಹಾಗಂತ ಗಿಡವನ್ನು ಬೋಳು ಮಾಡಲೂಬೇಡಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಲೆ ಒಂದೇ ಸಲ ತೆಗೆದರೆ ಬಿಸಿಲು ಕಾಲದಲ್ಲಿ ಗಿಡ ಸುಧಾರಿಸಿಕೊಳ್ಳುವುದು ಕಷ್ಟ. ಗುಲಾಬಿ ಮಾತ್ರ ಬೇರೆ, ಅದು ಜೋರಾಗಿ ಸವರಿದರೂ ಚಿಗುರುತ್ತದೆ.

ಹಂತ 3: ನೀರು, ಎಲೆಯ ಅಡಿಯಿಂದ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಖರ್ಚಿಲ್ಲ, ವಿಷ ಇಲ್ಲ, ಕೆಲಸ ಆಗುತ್ತದೆ. ಆದರೂ ಯಾರೂ ಸರಿಯಾಗಿ ಮಾಡುವುದಿಲ್ಲ. ಮೇಲಿನಿಂದ ನೀರು ಹಾಕಿ "ತೊಳೆದೆ" ಅನ್ನುತ್ತಾರೆ. ಎಲೆ ನುಸಿಗೆ ಕೊಡೆ ಹಿಡಿದ ಹಾಗಿರುತ್ತದೆ. ಮೇಲಿನ ನೀರು ಅದಕ್ಕೆ ತಾಗುವುದೇ ಇಲ್ಲ.

ಸರಿಯಾದ ರೀತಿ ಹೀಗೆ. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ, ನೀರು ಬೀಸಣಿಗೆಯಂತೆ ಹರಡಿ ಚಿಮ್ಮಬೇಕು. ಇನ್ನೊಂದು ಕೈಯಲ್ಲಿ ಕೊಂಬೆಯನ್ನು ಮೆತ್ತಗೆ ಹಿಡಿದು ನಿಮ್ಮ ಕಡೆ ಬಗ್ಗಿಸಿ, ಎಲೆಯ ಅಡಿ ಕಾಣುವಂತೆ. ಬುಡದಿಂದ ತುದಿಯ ಕಡೆಗೆ ನೀರು ಹೊಡೆಯುತ್ತಾ ಹೋಗಿ. ನಿಮ್ಮ ಅಂಗೈಗೆ ಚುರುಕು ತಾಗುವಷ್ಟು ರಭಸ ಇರಲಿ, ಎಲೆ ಹರಿಯುವಷ್ಟು ಬೇಡ. ಸಣ್ಣ ಕುಂಡವಾದರೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಕಟ್ಟಿ, ಕುಂಡವನ್ನೇ ಒರಗಿಸಿ ತೊಳೆಯಬಹುದು. ಮುಗಿದ ಮೇಲೆ ಬಲೆಯ ಎಳೆ ಒಂದೂ ಉಳಿದಿರಬಾರದು. ಬಲೆ ಉಳಿದರೆ ಮುಂದೆ ಹೊಡೆಯುವ ಯಾವ ಸ್ಪ್ರೇಯೂ ಒಳಗೆ ಇಳಿಯುವುದಿಲ್ಲ.

ಇದನ್ನು ಬೆಳಿಗ್ಗೆ ಮಾಡಿ. ಸಂಜೆ ತೊಳೆದರೆ ರಾತ್ರಿಯಿಡೀ ಎಲೆ ಒದ್ದೆಯಾಗಿದ್ದು ಗುಲಾಬಿಗೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಒಂದು ಕಾಟ ಕಳೆಯಲು ಹೋಗಿ ಇನ್ನೊಂದು ತಂದುಕೊಂಡಂತೆ.

ಅಪಾರ್ಟ್‌ಮೆಂಟಿನಲ್ಲಿ ಪೈಪು ಬಿಡಲು ಆಗದವರು ಕುಂಡವನ್ನು ಬಚ್ಚಲಿಗೆ ಒಯ್ದು ಹ್ಯಾಂಡ್ ಶವರಿನಲ್ಲಿ ತೊಳೆಯಿರಿ. ಕೆಳಗಿನ ಮನೆಯವರ ಒಣಗಿದ ಬಟ್ಟೆ ಮೇಲೆ ನೀರು ಬಿದ್ದರೆ ನುಸಿಗಿಂತ ದೊಡ್ಡ ತೊಂದರೆ, ಅಲ್ವಾ?

ಹಂತ 4: ಬೇವಿನ ಎಣ್ಣೆ ಮತ್ತು ಸೋಪು

ನೀರಿಗೆ ಜಗ್ಗದೆ ಉಳಿದವಕ್ಕೆ ಇದು. ಒಂದು ಲೀಟರಿಗೆ ಅಳತೆ: ಬೇವಿನ ಎಣ್ಣೆ 5 ಮಿಲಿ ಅಂದರೆ ಒಂದು ಚಹಾ ಚಮಚ, ದ್ರವ ಸೋಪು 2ರಿಂದ 3 ಮಿಲಿ.

ಬೆರೆಸುವ ಕ್ರಮದಲ್ಲೇ ಬಹಳ ಜನ ಎಡವುತ್ತಾರೆ. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಅದು ತೇಲುತ್ತದೆ. ಪಂಪಿನಿಂದ ಮೊದಲು ಬರೀ ನೀರು ಬರುತ್ತದೆ, ಕೊನೆಗೆ ಬರೀ ಎಣ್ಣೆ. ಕೊನೆಯ ಗಿಡ ಸುಟ್ಟು ಹೋಗುತ್ತದೆ. ಹಾಗಾಗಿ ಮೊದಲು ಒಂದು ಲೋಟದಲ್ಲಿ ಎಣ್ಣೆ ಮತ್ತು ಸೋಪು ಹಾಕಿ ಚಮಚದಿಂದ ಚೆನ್ನಾಗಿ ಕಲಸಿ. ಆಮೇಲೆ ಉಗುರು ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕದಡಿ. ತೆಳು ಮಜ್ಜಿಗೆಯ ಹಾಗೆ ಬೆಳ್ಳಗಾಗಬೇಕು. ಮೇಲೆ ಎಣ್ಣೆಯ ಕಣ್ಣು ತೇಲುತ್ತಿದ್ದರೆ ಇನ್ನೊಂದು ಹನಿ ಸೋಪು ಹಾಕಿ. ಇದನ್ನು ಉಳಿದ ನೀರಿಗೆ ಸೇರಿಸಿ, ಹೊಡೆಯುವಾಗಲೂ ಆಗಾಗ ಪಂಪು ಕುಲುಕುತ್ತಿರಿ. ಸೋಪಿನ ಬದಲು ಅಂಟುವಾಳಕಾಯಿ ನೆನೆಸಿದ ನೀರನ್ನೂ ಬಳಸಬಹುದು, ನೊರೆ ಚೆನ್ನಾಗಿ ಬಂದರೆ ಸರಿ.

ಆವತ್ತು ಕಲಸಿದ್ದು ಆವತ್ತಿಗೇ ಮುಗಿಯಲಿ. ನಾಳೆಗೆ ಇಡಬೇಡಿ.

"1500 ಪಿಪಿಎಂ", "10000 ಪಿಪಿಎಂ" ಅಂತ ಬರೆದಿರುವ ಬೇವಿನ ಔಷಧಿ ತಂದಿದ್ದರೆ ಮೇಲಿನ ಅಳತೆ ಲೆಕ್ಕಕ್ಕಿಲ್ಲ. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಬೇವಿನ ಸತ್ವ ಎಷ್ಟು ಭಾಗ ಇದೆ ಅನ್ನುವ ಲೆಕ್ಕ. ಸಂಖ್ಯೆ ದೊಡ್ಡದಾದಷ್ಟೂ ಗಟ್ಟಿ. ಡಬ್ಬದ ಮೇಲಿನ ಅಳತೆಯನ್ನೇ ಪಾಲಿಸಿ.

ಹೊಡೆಯುವ ಮೊದಲು ಎಚ್ಚರ:

- ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಎಲೆಯ ಅಂಚು ಸುಡುತ್ತದೆ.
- ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ಕಾಯಿರಿ. ಪಪ್ಪಾಯಿ, ಫರ್ನ್ ಥರದ ಗಿಡಗಳಿಗೆ ಎಣ್ಣೆ ಬೇಗ ಸುಡುತ್ತದೆ.
- ಸಂಜೆ, ಬಿಸಿಲು ಇಳಿದ ಮೇಲೆ ಹೊಡೆಯಿರಿ. ಜೇನುನೊಣಗಳೂ ಗೂಡಿಗೆ ಹೋಗಿರುತ್ತವೆ.
- ಗಿಡ ಬಾಡಿದ್ದರೆ ಮೊದಲು ಬುಡಕ್ಕೆ ನೀರು ಕೊಡಿ. ಬಾಯಾರಿದ ಗಿಡಕ್ಕೆ ಯಾವ ಸ್ಪ್ರೇಯೂ ಬೇಡ.

ಇದು ತಾಗಿದ ನುಸಿಯನ್ನು ಮಾತ್ರ ಕೊಲ್ಲುತ್ತದೆ. ತಾಗದೇ ಉಳಿದದ್ದು ಉಳಿದೇ ಉಳಿಯುತ್ತದೆ. ಆದ್ದರಿಂದ ಇಲ್ಲೂ ಮೂತಿ ಮೇಲ್ಮುಖ, ಎಲೆಯಡಿಯಿಂದ ಹನಿ ತೊಟ್ಟಿಕ್ಕುವ ತನಕ. ಬದನೆ ಎಲೆಯ ಅಡಿ ಕೂದಲು ಜಾಸ್ತಿ. ಅಲ್ಲಿ ಎರಡು ಸುತ್ತು ಹೊಡೆಯಿರಿ.

ಹುಳಿ ಮಜ್ಜಿಗೆ, ಬೆಳ್ಳುಳ್ಳಿ ಮೆಣಸಿನಕಾಯಿ ರಸ ಆಗುತ್ತದಾ ಅಂತ ಕೇಳುತ್ತೀರಿ. ಆಯಿತು ಅನ್ನುವವರಿದ್ದಾರೆ. ನನಗನ್ನಿಸುವುದು, ಅದರ ಅರ್ಧ ಗುಣ ಎಲೆಯಡಿಗೆ ಬಿದ್ದ ನೀರಿನದ್ದು. ಹೊಗೆಸೊಪ್ಪಿನ ಕಷಾಯ ಮಾತ್ರ ಮಾಡಬೇಡಿ. ನಿಕೋಟಿನ್ ನಮಗೇ ವಿಷ, ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ.

ಹಂತ 5: ಮತ್ತೆ ಹೊಡೆಯಿರಿ, ದಿನ ಎಣಿಸಿ

ಒಂದು ಸಲ ಹೊಡೆದು ಗೆದ್ದೆ ಅಂದುಕೊಳ್ಳುವುದೇ ದೊಡ್ಡ ತಪ್ಪು. ಯಾಕೆ ಅಂತ ಲೆಕ್ಕ ನೋಡಿ. 30 ಡಿಗ್ರಿ ಆಸುಪಾಸಿನ ಸೆಖೆಯಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಒಂದು ವಾರ, ಸ್ವಲ್ಪ ಹೆಚ್ಚುಕಮ್ಮಿ. ಚಳಿಯಲ್ಲಾದರೆ ಮೂರು ವಾರವೂ ಬೇಕಾಗಬಹುದು. ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಸುಮಾರು ನೂರು ಮೊಟ್ಟೆ ಇಡುತ್ತದೆ. ಗಂಡು ಇಲ್ಲದಿದ್ದರೂ ಇಡುತ್ತದೆ. ಆ ಮೊಟ್ಟೆಗಳಿಂದ ಬರೀ ಗಂಡು ಹುಟ್ಟುತ್ತವೆ, ಅವು ದೊಡ್ಡವಾದ ಮೇಲೆ ಸಂಸಾರ ಮುಂದುವರಿಯುತ್ತದೆ. ಅಂದರೆ ಒಂದೇ ಒಂದು ಹೆಣ್ಣು ಉಳಿದರೂ ಸಾಕು.

ನೀರಿಗೂ ಸೋಪಿಗೂ ಎಲ್ಲ ಮೊಟ್ಟೆಗಳು ಹೋಗುವುದಿಲ್ಲ. ಹಾಗಾಗಿ ಅವು ಒಡೆದು, ಮರಿಗಳು ಬೆಳೆದು ಮತ್ತೆ ಮೊಟ್ಟೆ ಇಡುವ ಮುಂಚೆ ನಾವು ವಾಪಸ್ ಬರಬೇಕು. ಬೇಸಿಗೆಗೆ ನನ್ನ ವೇಳಾಪಟ್ಟಿ: 1ನೇ ದಿನ, 5ನೇ ದಿನ, 9ನೇ ದಿನ, 13ನೇ ದಿನ. ಬೆಳಿಗ್ಗೆ ನೀರು, ಸಂಜೆ ಬೇವು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. 16ನೇ ದಿನ ಮತ್ತೆ ಬಿಳಿ ಕಾಗದ ಹಿಡಿದು ತಟ್ಟಿ. ಹೊಸ ಚಿಗುರು ಚುಕ್ಕೆ ಇಲ್ಲದೆ ಬರುತ್ತಿದ್ದರೆ ಕೆಲಸ ಆಗಿದೆ ಅಂತಲೇ ಅರ್ಥ. ಹಳೆಯ ಎಲೆ ನೋಡಿ ತೀರ್ಮಾನ ಮಾಡಬೇಡಿ.

ಹಂತ 6: ಇಷ್ಟಕ್ಕೂ ಬಗ್ಗದಿದ್ದರೆ

ಮೊದಲ ಆಯ್ಕೆ ಗಂಧಕ. ಅಂಗಡಿಯಲ್ಲಿ "ನೀರಿನಲ್ಲಿ ಕರಗುವ ಗಂಧಕ" ಅಂತ ಕೇಳಿ, 80 ಪರ್ಸೆಂಟಿನದು. ನಿಜವಾಗಿ ಅದು ಕರಗುವುದಿಲ್ಲ, ನೀರಿನಲ್ಲಿ ಹರಡಿಕೊಳ್ಳುತ್ತದೆ ಅಷ್ಟೇ, ಆದ್ದರಿಂದ ಕುಲುಕುತ್ತಿರಬೇಕು. ಲೀಟರಿಗೆ 2ರಿಂದ 3 ಗ್ರಾಂ. ಎರಡು ಷರತ್ತು ಇವೆ. ತಾಪಮಾನ 32 ಡಿಗ್ರಿ ದಾಟುವ ದಿನ ಹೊಡೆದರೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆದರೂ ಸುಡುತ್ತದೆ. ಸೌತೆ, ಕುಂಬಳ, ಹಾಗಲದಂಥ ಬಳ್ಳಿಗಳಿಗೆ ಗಂಧಕ ಆಗಿಬರುವುದು ಕಡಿಮೆ. ಅವಕ್ಕೆ ಬೇಡ. ರಾಯಚೂರು, ಕಲಬುರಗಿ ಕಡೆಯವರಿಗೆ ಏಪ್ರಿಲ್‌ನಲ್ಲಿ ಈ ದಾರಿ ಹೆಚ್ಚುಕಡಿಮೆ ಮುಚ್ಚಿದ ಹಾಗೇ.

ಕೊನೆಯದ್ದು ನುಸಿನಾಶಕ. ಇದು ಕೀಟನಾಶಕ ಅಲ್ಲ, ನುಸಿಗೆಂದೇ ಮಾಡಿದ್ದು. ಸ್ಪೈರೋಮೆಸಿಫೆನ್, ಹೆಕ್ಸಿಥಿಯಾಜಾಕ್ಸ್, ಫೆನಾಜಾಕ್ವಿನ್, ಪ್ರೊಪಾರ್ಗೈಟ್ ಅನ್ನುವ ಹೆಸರು ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬಿಡಿ, ಇದನ್ನು ಓದಿ. ಇವುಗಳ ಕೆಲಸವೂ ಬೇರೆ ಬೇರೆ. ಹೆಕ್ಸಿಥಿಯಾಜಾಕ್ಸ್ ಮೊಟ್ಟೆ ಮತ್ತು ಮರಿಗಳಿಗೆ, ದೊಡ್ಡ ನುಸಿ ಅದಕ್ಕೆ ಸಾಯುವುದಿಲ್ಲ. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಔಷಧಿಗೆ ಒಗ್ಗುವುದರಲ್ಲಿ ಜೇಡನುಸಿಗೆ ಸರಿಸಾಟಿ ಕಡಿಮೆ.

ಹಳೆಯ ಪುಸ್ತಕ, ಕರಪತ್ರಗಳಲ್ಲಿ ಡೈಕೋಫಾಲ್ ಅಂತ ಇರುತ್ತದೆ. ಅದನ್ನು ಹುಡುಕಬೇಡಿ. ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ.

ಡಬ್ಬದ ಮೇಲಿನ ತ್ರಿಕೋನ ನೋಡಿ. ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೆ ವಿಷ ಇಲ್ಲ ಅಂತಲ್ಲ, ಕಡಿಮೆ ಅಂತ. "ಕಾಯುವ ಅವಧಿ" ಎಷ್ಟಿದೆ ನೋಡಿ, ಅಂದರೆ ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅನ್ನುವುದು. ಬೆಂಡೆಯನ್ನು ದಿನ ಬಿಟ್ಟು ದಿನ ಕೀಳುವ ನಮಗೆ ಇದೇ ದೊಡ್ಡ ತಲೆನೋವು. ನನ್ನ ಮಟ್ಟಿಗೆ ಹೇಳುವುದಾದರೆ, ತಿನ್ನುವ ಬೆಳೆಗೆ ತಾರಸಿಯಲ್ಲಿ ಈ ಹಂತಕ್ಕೆ ಹೋಗುವುದೇ ಇಲ್ಲ. ಗಿಡ ಕಿತ್ತು ಹೊಸ ಬೀಜ ಹಾಕುತ್ತೇನೆ. ಹತ್ತು ರೂಪಾಯಿ ಬೀಜಕ್ಕೆ ಐನೂರು ರೂಪಾಯಿ ಡಬ್ಬ ಯಾಕೆ?

ಹಂತ 7: ಮತ್ತೆ ಬರದ ಹಾಗೆ

ಜೇಡನುಸಿಗೆ ಸೆಖೆ, ಒಣ ಹವೆ, ಧೂಳು ಮೂರೂ ಇಷ್ಟ. ರಸ್ತೆ ಕಡೆಯ ಬಾಲ್ಕನಿಯ ಗಿಡಕ್ಕೆ ಮೊದಲು ಬರುವುದು ಅದಕ್ಕೇ. ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ವಾರಕ್ಕೆರಡು ಸಲ ಎಲೆಯಡಿ ನೀರು ಹೊಡೆದರೆ ಅರ್ಧ ಕಾಟ ಬರುವುದೇ ಇಲ್ಲ. ಬುಡಕ್ಕೆ ಒಣ ಎಲೆ, ತೆಂಗಿನ ನಾರು ಮುಚ್ಚಿ ತೇವ ಉಳಿಸಿ. ಯೂರಿಯಾದಂಥ ಸಾರಜನಕ ಗೊಬ್ಬರ ಜಾಸ್ತಿ ಹಾಕಬೇಡಿ, ಗಿಡ ಮೆತ್ತಗಾದಷ್ಟೂ ನುಸಿಗೆ ಹಬ್ಬ. ನರ್ಸರಿಯಿಂದ ಹೊಸ ಗಿಡ ತಂದರೆ ಎರಡು ವಾರ ಬೇರೆ ಇಟ್ಟು, ಬಿಳಿ ಕಾಗದದ ಪರೀಕ್ಷೆ ಮಾಡಿಯೇ ಸೇರಿಸಿ.

"ಚೆಂಡು ಹೂ ನೆಟ್ಟರೆ ಹುಳ ಬರುವುದಿಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಜೇಡನುಸಿ ವಿಷಯದಲ್ಲಿ ಮಾತ್ರ ಉಲ್ಟಾ. ಚೆಂಡು ಹೂವೆಂದರೆ ಅದಕ್ಕೆ ಪ್ರಾಣ. ನೆಡಬೇಡಿ ಅನ್ನುತ್ತಿಲ್ಲ, ಮೊದಲು ಅದರ ಎಲೆ ಮಗುಚಿ ನೋಡಿ ಅನ್ನುತ್ತಿದ್ದೇನೆ. ಅಲ್ಲಿ ಚುಕ್ಕೆ ಕಂಡರೆ ಪಕ್ಕದ ಬೀನ್ಸಿಗೆ ಸದ್ಯದಲ್ಲೇ ಬರುತ್ತದೆ.

ಎಲೆಯಡಿ ಸಾಸಿವೆಗಿಂತ ಚಿಕ್ಕದಾದ ಕಪ್ಪು ಗುಲಗಂಜಿ ಹುಳು ಕಂಡರೆ ಕೊಲ್ಲಬೇಡಿ. ಅದರ ಊಟವೇ ಜೇಡನುಸಿ. ಅದು ಬಂದಿದ್ದರೆ ಬೇವನ್ನೂ ನಿಲ್ಲಿಸಿ, ಬರೀ ನೀರಿನಲ್ಲಿ ಒಂದು ವಾರ ನೋಡಿ.

ಹೊರದೇಶದಲ್ಲಿ ಕರಿಬೇವು ಸಾಕುತ್ತಿರುವವರಿಗೆ

ಚಳಿ ದೇಶಗಳಿಂದ ಬರುವ ಪ್ರಶ್ನೆ ಡಿಸೆಂಬರಿನದ್ದು. ಕರಿಬೇವು, ಮಲ್ಲಿಗೆ ಕುಂಡಗಳನ್ನು ಒಳಗೆ ತಂದಿರುತ್ತೀರಿ. ಹೀಟರಿನಿಂದ ಮನೆಯ ಗಾಳಿ ಒಣಗಿರುತ್ತದೆ. ಹೊರಗೆ ಹಿಮ ಬೀಳುತ್ತಿದ್ದರೂ ನುಸಿಯ ಪಾಲಿಗೆ ಅದು ನಮ್ಮ ಏಪ್ರಿಲ್. ಅಕ್ಟೋಬರಿನಲ್ಲಿ ಒಳಗೆ ತರುವ ದಿನವೇ ಇಡೀ ಗಿಡವನ್ನು ಶವರಿನಲ್ಲಿ ತೊಳೆಯಿರಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹೀಟರಿನ ಗಾಳಿ ನೇರ ಬೀಳದ ಕಿಟಕಿಯ ಬಳಿ ಇಡಿ. ಒಗ್ಗರಣೆಗೆ ಕೀಳುವ ಸೊಪ್ಪಿಗೆ ರಾಸಾಯನಿಕ ಹೊಡೆಯಬೇಡಿ. ಎಲೆ ಉದುರಿ ಕಡ್ಡಿ ಮಾತ್ರ ಉಳಿದರೂ ಎಸೆಯಬೇಡಿ, ನೀರು ಕಡಿಮೆ ಮಾಡಿ ಕಾಯಿರಿ. ತೊಗಟೆ ಉಗುರಿನಿಂದ ಗೀರಿದಾಗ ಒಳಗೆ ಹಸಿರಿದ್ದರೆ ವಸಂತದಲ್ಲಿ ಚಿಗುರುತ್ತದೆ.

ಗಿಡ ಕಿತ್ತ ಮೇಲೆ ಮಣ್ಣು?

ಇದನ್ನೂ ತುಂಬಾ ಜನ ಕೇಳುತ್ತಾರೆ. ಮಣ್ಣು ಎಸೆಯಬೇಕಿಲ್ಲ, ಜೇಡನುಸಿಯ ಸಂಸಾರ ಎಲೆಯ ಮೇಲೆ. ಉದುರಿದ ಎಲೆ, ಕಳೆ ಎಲ್ಲ ಆರಿಸಿ ತೆಗೆಯಿರಿ. ಕುಂಡದ ಅಂಚು, ಆಸರೆಗೆ ನೆಟ್ಟ ಕೋಲು, ಬಳ್ಳಿ ಕಟ್ಟಿದ ದಾರಗಳ ಸಂದಿಯಲ್ಲಿ ಅವಿತಿರುತ್ತವೆ. ದಾರ ಬಿಸಾಡಿ, ಕೋಲು ಮತ್ತು ಕುಂಡವನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆಯಿರಿ. ಮಣ್ಣನ್ನು ತಾರಸಿಯ ಮೇಲೆ ಹರಡಿ ಒಂದು ವಾರ ಬಿಸಿಲಿಗೆ ಬಿಡಿ. ಆಮೇಲೆ ಗೊಬ್ಬರ ಬೆರೆಸಿ ಬೀಜ ಹಾಕಿ. ಅದೇ ಜಾಗಕ್ಕೆ ತಕ್ಷಣ ಮತ್ತೆ ಬೀನ್ಸು, ಬದನೆ ಬೇಡ. ಒಂದು ಸುತ್ತು ಮೆಂತ್ಯವೋ ಕೊತ್ತಂಬರಿಯೋ ಹಾಕಿ.